ಘಾಟಿಯಲ್ಲಿ ಆಫ್, ಹೈವೇಯಲ್ಲಿ ಆನ್: ಕೊಡಗಿನ ರಸ್ತೆಗಳಲ್ಲಿ ಲೇನ್ ಕೀಪ್ ಅಸಿಸ್ಟ್ ಬಳಸುವ ಬಗೆ

ಹೊಸ ಕಾರು ತೆಗೆದುಕೊಂಡ ಕೊಡಗಿನ ಎಷ್ಟೋ ಮಂದಿ ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಇದು: ‘ಸ್ಟೀರಿಂಗ್ ತಾನಾಗಿ ಎಡಕ್ಕೆ ಎಳೆಯುತ್ತದೆ, ಅಲೈನ್‌ಮೆಂಟ್ ಹೋಗಿದೆಯಾ?’ ಬಹಳಷ್ಟು ಸಲ ಏನೂ ಹೋಗಿರುವುದಿಲ್ಲ. ಕಾರು ಲೇನಿನ ಗೆರೆ ದಾಟದಂತೆ ಸ್ಟೀರಿಂಗ್ ಎಳೆಯುವ ಲೇನ್ ಕೀಪ್ ಅಸಿಸ್ಟ್ ಆನ್ ಆಗಿರುತ್ತದೆ, ಅಷ್ಟೆ. ಐದಾರು ವರ್ಷಗಳ ಹಿಂದೆ ದುಬಾರಿ ಕಾರುಗಳಿಗಷ್ಟೇ ಇದ್ದ ಈ ಸೌಲಭ್ಯ ಈಗ ಕ್ರೆಟಾ, ಸೆಲ್ಟೋಸ್, ಎಲಿವೇಟ್, ಹ್ಯಾರಿಯರ್, ಎಕ್ಸ್‌ಯುವಿ700, ಅಷ್ಟೇಕೆ ವೆನ್ಯೂನಂಥ ಸಣ್ಣ ಗಾಡಿಯ ಮೇಲಿನ ವೇರಿಯಂಟ್‌ಗಳಲ್ಲೂ ಬಂದಿದೆ. ಶೋರೂಮಿನಲ್ಲಿ ಕೀ ಕೊಡುವಾಗ ಎರಡು ನಿಮಿಷದಲ್ಲಿ ತೋರಿಸಿ ಮುಗಿಸುವ ಈ ವ್ಯವಸ್ಥೆಯನ್ನು ನಮ್ಮ ರಸ್ತೆಗಳಿಗೆ ಹೊಂದಿಸಿಕೊಳ್ಳಲು ಸ್ವಲ್ಪ ತಿಳಿವಳಿಕೆ ಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಜೀವ ಉಳಿಸಬಹುದಾದ ಇದೇ ಸೌಲಭ್ಯ ಸಂಪಾಜೆ ಘಾಟಿಯಲ್ಲಿ ಕೈಗೆ ಅಡ್ಡ ಬರುತ್ತದೆ.

ನಿಮ್ಮ ಕಾರಿನಲ್ಲಿ ಯಾವುದಿದೆ, ಮೊದಲು ನೋಡಿಕೊಳ್ಳಿ

ಮೂರು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಗೊಂದಲವೆಲ್ಲ ಶುರುವಾಗುವುದು ಇಲ್ಲಿಂದಲೇ.

ಮೊದಲನೆಯದು ಲೇನ್ ಡಿಪಾರ್ಚರ್ ವಾರ್ನಿಂಗ್. ಗೆರೆ ದಾಟುತ್ತಿದ್ದೀರಿ ಎಂದು ಬೀಪ್ ಮಾಡುತ್ತದೆ, ಇಲ್ಲವೇ ಸ್ಟೀರಿಂಗ್ ನಡುಗಿಸುತ್ತದೆ. ಕಾರನ್ನು ತಿರುಗಿಸುವುದಿಲ್ಲ. ಎರಡನೆಯದು ಲೇನ್ ಕೀಪ್ ಅಸಿಸ್ಟ್. ಗೆರೆಯ ಹತ್ತಿರ ಹೋದಾಗ ಮಾತ್ರ ಸ್ಟೀರಿಂಗನ್ನು ಮೆಲ್ಲನೆ ಒಳಕ್ಕೆ ಎಳೆಯುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಮೂರನೆಯದು ಲೇನ್ ಸೆಂಟರಿಂಗ್. ಹ್ಯುಂಡೈ, ಕಿಯಾ ಕಾರುಗಳಲ್ಲಿ ಇದಕ್ಕೆ ಲೇನ್ ಫಾಲೋಯಿಂಗ್ ಅಸಿಸ್ಟ್ ಎನ್ನುತ್ತಾರೆ. ಇದು ಬಿಡದೆ ಸ್ಟೀರಿಂಗ್ ಆಡಿಸುತ್ತಾ ಕಾರನ್ನು ಲೇನಿನ ನಡುವೆ ಇಡಲು ನೋಡುತ್ತದೆ.

ಎರಡನೆಯದು ಸಾಮಾನ್ಯವಾಗಿ ಗಂಟೆಗೆ 60-65 ಕಿ.ಮೀ. ದಾಟಿದ ಮೇಲೆಯೇ ಎಚ್ಚರವಾಗುತ್ತದೆ. ಹೋಂಡಾದ ಕೆಲವು ಕಾರುಗಳಲ್ಲಿ 72. ಹಾಗಾಗಿ ತಿರುವಿನ ರಸ್ತೆಯಲ್ಲಿ 35ರಲ್ಲಿ ಹೋಗುವಾಗ ಅದರ ಕಾಟ ಕಡಿಮೆ. ಲೇನ್ ಸೆಂಟರಿಂಗ್ ಮಾತ್ರ ಕೆಲವು ಕಾರುಗಳಲ್ಲಿ ತೀರಾ ಕಡಿಮೆ ವೇಗದಲ್ಲೂ ಕೆಲಸ ಮಾಡುತ್ತದೆ. ಘಾಟಿಯಲ್ಲಿ ‘ಎಳೆಯುತ್ತದೆ’ ಎಂಬ ದೂರು ಬಂದರೆ ಹೆಚ್ಚಾಗಿ ಅದರ ಮೂಲ ಇದೇ. ನಿಮ್ಮ ಮ್ಯಾನುಯಲ್‌ನಲ್ಲಿ ಎರಡಕ್ಕೂ ಕೊಟ್ಟಿರುವ ವೇಗದ ಮಿತಿಯನ್ನು ಒಮ್ಮೆ ಓದಿ ನೆನಪಿಟ್ಟುಕೊಳ್ಳಿ.

ಮೂರಕ್ಕೂ ಕಣ್ಣು ಒಂದೇ: ಒಳಗಿನ ಕನ್ನಡಿಯ ಹಿಂದೆ ವಿಂಡ್‌ಶೀಲ್ಡಿಗೆ ಅಂಟಿಕೊಂಡ ಕ್ಯಾಮರಾ. ಅದು ರಸ್ತೆಯ ಬಣ್ಣದ ಗೆರೆಯನ್ನು ಹುಡುಕುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಮೋಟಾರು ತಿರುಗಿಸುತ್ತದೆ. ಗೆರೆ ಕಾಣದಿದ್ದರೆ ಕೆಲಸ ನಿಂತಂತೆಯೇ. ಕೆಲವು ಕಾರುಗಳು ಡಾಂಬರಿನ ಅಂಚನ್ನೂ ಗುರುತಿಸುತ್ತವೆ. ಆದರೆ ಹುಲ್ಲು, ಪಾಚಿ, ಕೆಮ್ಮಣ್ಣು ಸೇರಿಕೊಂಡ ನಮ್ಮ ರಸ್ತೆಯ ಅಂಚಿನಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ಎಲ್ಲಿ ಆನ್, ಎಲ್ಲಿ ಆಫ್

ಎರಡು ಲೇನಿನ ಹೆದ್ದಾರಿಗೆ ಡಾಂಬರಿನ ಅಗಲ 7 ಮೀಟರ್, ಅಂದರೆ ಒಂದು ಬದಿಗೆ ಮೂರೂವರೆ. ಕ್ರೆಟಾದ ಅಗಲ 1.79 ಮೀಟರ್. ನಡುವೆ ಹಿಡಿದರೆ ಎರಡೂ ಕಡೆ ಸುಮಾರು 85 ಸೆಂಟಿಮೀಟರ್ ಸಿಗುತ್ತದೆ. ಐದೂವರೆ ಮೀಟರಿನ ರಸ್ತೆಯಲ್ಲಿ 1.89 ಮೀಟರ್ ಅಗಲದ ಎಕ್ಸ್‌ಯುವಿ700ಗೆ ಉಳಿಯುವುದು ಬದಿಗೆ 43 ಸೆಂಟಿಮೀಟರ್ ಮಾತ್ರ. ಎದುರಿನಿಂದ ಬಸ್ ಬಂದರೆ ನಾವೆಲ್ಲ ಎಡಗಾಲಿಯನ್ನು ಡಾಂಬರಿನಿಂದ ಇಳಿಸುತ್ತೇವೆ. ಹಾಗೆ ಇಳಿಸುವುದು ಕ್ಯಾಮರಾದ ಲೆಕ್ಕದಲ್ಲಿ ತಪ್ಪು. ಇನ್ನು 3.75 ಮೀಟರಿನ ಊರೊಳಗಿನ ರಸ್ತೆಗಳಲ್ಲಿ ಮಧ್ಯದ ಗೆರೆಯೇ ಇರುವುದಿಲ್ಲ. ಅಲ್ಲಿ ಈ ವ್ಯವಸ್ಥೆಯ ಮಾತೇ ಬೇಡ.

ತಿರುವಿನದು ಬೇರೆ ಕಥೆ. ಸ್ಟೀರಿಂಗ್ ವ್ಯವಸ್ಥೆಗಳಿಗಿರುವ ಯುಎನ್ ಆರ್79 ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ, ಕಾರನ್ನು ಲೇನಿನಲ್ಲೇ ಇಡುವ ವ್ಯವಸ್ಥೆಯು ತಿರುವಿನಲ್ಲಿ ಕಾರಿನ ಮೇಲೆ ತರಬಹುದಾದ ಅಡ್ಡ ವೇಗೋತ್ಕರ್ಷ (ತಿರುವಿನಲ್ಲಿ ಬದಿಗೆ ಎಳೆದಂತಾಗುವುದರ ಅಳತೆ) ಪ್ರತಿ ಸೆಕೆಂಡ್ ವರ್ಗಕ್ಕೆ 3 ಮೀಟರ್ ಮೀರಬಾರದು. 60 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ 93 ಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಆ ಮಿತಿಯ ಆಚೆಗೆ ಹೋಗುತ್ತದೆ. ಗುಡ್ಡಗಾಡಿನ ಹೇರ್‌ಪಿನ್ ತಿರುವಿಗೆ ಇಂಡಿಯನ್ ರೋಡ್ ಕಾಂಗ್ರೆಸ್ ಒಪ್ಪುವ ಒಳಬದಿಯ ಕನಿಷ್ಠ ತ್ರಿಜ್ಯ 14 ಮೀಟರ್! ಅಷ್ಟು ಬಿಗಿ ತಿರುವಿನಲ್ಲಿ ಮುಂದಿನ ಗೆರೆ ಕ್ಯಾಮರಾದ ನೋಟದಿಂದಲೇ ಜಾರಿಹೋಗುತ್ತದೆ. ಆಗ ಸಹಾಯ ಅರ್ಧಕ್ಕೆ ಕೈಬಿಡುತ್ತದೆ. ಅದೂ ಎಷ್ಟೋ ಸಲ ಸದ್ದಿಲ್ಲದೆ, ಡ್ಯಾಶ್‌ಬೋರ್ಡಿನ ಹಸಿರು ಚಿಹ್ನೆ ಬೂದು ಬಣ್ಣಕ್ಕೆ ತಿರುಗುವುದರ ಮೂಲಕ ಮಾತ್ರ. ತಿರುವಿನ ಮಧ್ಯದಲ್ಲಿ ಡ್ಯಾಶ್‌ಬೋರ್ಡ್ ನೋಡುವವರು ಯಾರು?

ಇದನ್ನೆಲ್ಲ ಇಟ್ಟುಕೊಂಡು ನಮ್ಮ ದಾರಿಗಳಿಗೆ ಹೀಗೆ ಹೇಳಬಹುದು.

ಮಡಿಕೇರಿಯಿಂದ ಮದೆನಾಡು, ಜೋಡುಪಾಲ ಹಾದು ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಎಳೆಯುವ ಸಹಾಯ ಎರಡನ್ನೂ ಆಫ್ ಮಾಡಿ. 2018ರ ಆಗಸ್ಟ್ ಭೂಕುಸಿತದ ನಂತರ ಸರಿಪಡಿಸಿದ ಇಂಥ ರಸ್ತೆಯಲ್ಲಿ ಹೊಸ ಡಾಂಬರು ಹಳೆಯದಕ್ಕೆ ಸೇರುವ ಕಡೆ ಉದ್ದುದ್ದಕ್ಕೆ ಬೀಳುವ ಜೋಡಣೆಯ ಗೆರೆ, ಮಳೆಯಲ್ಲಿ ಹೊಳೆಯುವಾಗ, ಕ್ಯಾಮರಾಗೆ ಲೇನಿನ ಗೆರೆಯಂತೆಯೇ ಕಾಣಬಲ್ಲದು. ವೇಗವನ್ನೂ ಮುಂದಿನ ಗಾಡಿಯ ಅಂತರವನ್ನೂ ತಾನೇ ಕಾಯುವ ಅಡಾಪ್ಟಿವ್ ಕ್ರೂಸ್ ಕೂಡ ಇಲ್ಲಿ ಬೇಡ. 1,100 ಮೀಟರಿಗೂ ಮೇಲಿರುವ ಮಡಿಕೇರಿಯಿಂದ ಕೆಳಗಿಳಿಯುವಾಗ ಅದು ವೇಗ ಹಿಡಿದಿಡಲು ಮತ್ತೆ ಮತ್ತೆ ಬ್ರೇಕ್ ಒತ್ತಿ ಕಾಯಿಸಬಹುದು. ಎರಡನೇ, ಮೂರನೇ ಗೇರಿನಲ್ಲಿ ಇಂಜಿನ್ ಹಿಡಿತದಲ್ಲೇ ಇಳಿಯುವುದು ಸರಿ. ವಿರಾಜಪೇಟೆಯಿಂದ ಮಾಕುಟ್ಟ, ಭಾಗಮಂಡಲದಿಂದ ತಲಕಾವೇರಿ, ಸೋಮವಾರಪೇಟೆ ಕಡೆಯ ತೋಟದ ರಸ್ತೆಗಳು, ಇವಕ್ಕೂ ಇದೇ ಮಾತು.

ಮಡಿಕೇರಿ, ಸುಂಟಿಕೊಪ್ಪ, ಆನೆಕಾಡು, ಕುಶಾಲನಗರ: ಇಲ್ಲಿ ವಾರ್ನಿಂಗ್ ಮಾತ್ರ ಇಡಿ, ಎಳೆತ ಬೇಡ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಿಗ್ಗೆ ಏಳೆಂಟು ಗಂಟೆಗೆ ಕೆಲಸದವರು ರಸ್ತೆಯ ಎಡ ಅಂಚಿನಲ್ಲಿ ಸಾಲಾಗಿ ನಡೆದು ಹೋಗುತ್ತಿರುತ್ತಾರೆ. ನೀವು 65ರಲ್ಲಿದ್ದೀರಿ, ಎದುರಿಗೆ ಗಾಡಿಯಿಲ್ಲ. ಅವರಿಗೆ ಜಾಗ ಬಿಡಲು ಇಂಡಿಕೇಟರ್ ಹಾಕದೆ ಮಧ್ಯದ ಗೆರೆಯ ಮೇಲೆ ಬಲಕ್ಕೆ ಸರಿಯುತ್ತೀರಿ. ಲೇನ್ ಕೀಪ್ ಅಸಿಸ್ಟ್‌ಗೆ ಕಂಡಿದ್ದು ನೀವು ಬಲಗೆರೆ ತುಳಿದದ್ದು ಮಾತ್ರ. ಅದು ಸ್ಟೀರಿಂಗನ್ನು ಎಡಕ್ಕೆ, ಅಂದರೆ ನಡೆಯುವವರ ಕಡೆಗೇ ಎಳೆಯುತ್ತದೆ. ಎಳೆತ ದೊಡ್ಡದಲ್ಲ, ಇದನ್ನು ಮೀರಲು ಬೇಕಾದ ಬಲ 50 ನ್ಯೂಟನ್, ಅಂದರೆ ಸುಮಾರು 5 ಕೆ.ಜಿ. ಭಾರಕ್ಕಿಂತ ಹೆಚ್ಚಿರಬಾರದು ಎಂದು ಅದೇ ಆರ್79 ಹೇಳುತ್ತದೆ. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದವರಿಗೆ ಏನೂ ಆಗುವುದಿಲ್ಲ. ಆದರೆ ಒಂದೇ ಕೈಯಲ್ಲಿ ಹಗುರವಾಗಿ ಹಿಡಿದವರಿಗೆ, ಈ ಎಳೆತದ ಅನುಭವವಿಲ್ಲದ ವಯಸ್ಸಾದವರಿಗೆ, ಆ ಅರ್ಧ ಸೆಕೆಂಡಿನ ಗಾಬರಿ ಸಾಕು. ಗುಂಡಿ ತಪ್ಪಿಸುವಾಗಲೂ, ನಿಂತ ಜೀಪನ್ನು ದಾಟುವಾಗಲೂ ಇದೇ ಆಗುತ್ತದೆ.

ಇಂಡಿಕೇಟರ್ ಹಾಕಿದರೆ ಆ ಬದಿಯ ಎಳೆತ ನಿಲ್ಲುತ್ತದೆ ನಿಜ. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕುವ ಅಭ್ಯಾಸ ಒಳ್ಳೆಯದೇ. ಆದರೆ ಪ್ರತಿ ಗುಂಡಿಗೂ ಬಲ ಇಂಡಿಕೇಟರ್ ಹಾಕುತ್ತಾ ಹೋದರೆ ಹಿಂದಿನವರಿಗೆ ಗೊಂದಲ. ‘ಓವರ್‌ಟೇಕ್ ಮಾಡಿ’ ಎಂದು ಓದಿಕೊಳ್ಳುವ ಚಾಲಕರೂ ನಮ್ಮಲ್ಲಿದ್ದಾರೆ. ಅದಕ್ಕಿಂತ ವಾರ್ನಿಂಗ್‌ನಲ್ಲಿ ಇಡುವುದು ವಾಸಿ.

ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಹಾದು ಹುಣಸೂರಿಗೆ ಹೋಗುವ ಕಾಡಿನ ರಸ್ತೆಯಲ್ಲೂ ವಾರ್ನಿಂಗ್ ಸಾಕು. ಇಲ್ಲಿ ಇನ್ನೊಂದು ಮಾತು ಖಂಡಿತವಾಗಿ ಹೇಳಬೇಕು. ಕಾರು ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆಯನ್ನು ರೂಪಿಸಿರುವುದು ಮುಖ್ಯವಾಗಿ ವಾಹನ, ಪಾದಚಾರಿ, ಸೈಕಲ್ ಸವಾರರಿಗಾಗಿ. ಮುಸ್ಸಂಜೆಯಲ್ಲಿ ರಸ್ತೆಗೆ ಬಂದು ನಿಂತ ಆನೆಯನ್ನು ಅದು ಗುರುತಿಸುತ್ತದೆ ಎಂದು ಭಾವಿಸಬೇಡಿ. ಲೇನ್ ಸೆಂಟರಿಂಗ್‌ಗಂತೂ ಆನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದು ಗೆರೆ ಹಿಡಿದು ಹೋಗುತ್ತದೆ.

ಕುಶಾಲನಗರ ದಾಟಿ ಮೈಸೂರಿನವರೆಗೆ ಗೆರೆ ಎಲ್ಲೆಲ್ಲಿ ಚೆನ್ನಾಗಿದೆಯೋ ಅಲ್ಲಿ ಲೇನ್ ಕೀಪ್ ಆನ್ ಮಾಡಬಹುದು. ಹೆದ್ದಾರಿ ಕಾಮಗಾರಿ, ಡೈವರ್ಶನ್ ಇರುವ ಕಡೆ ಹಳೆಯ ಗೆರೆ ಅಳಿಸದೆ ಹೊಸದನ್ನು ಎಳೆದಿರುತ್ತಾರೆ. ಕಾರು ಹಳೆಯದನ್ನೇ ಹಿಡಿದುಕೊಳ್ಳಬಹುದು. ಬ್ಯಾರಿಕೇಡ್ ಕಂಡ ಕೂಡಲೇ ಆಫ್.

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್‌ವೇ ಇದಕ್ಕೆ ತಕ್ಕ ಜಾಗ. ಅಗಲ ಲೇನ್, ದಪ್ಪ ಗೆರೆ, ನಡುವೆ ಡಿವೈಡರ್. ಮುಖ್ಯ ರಸ್ತೆಗೆ ಬೈಕು, ಆಟೋಗಳನ್ನು 2023ರ ಆಗಸ್ಟ್‌ನಿಂದ ಬಿಡುವುದಿಲ್ಲ. ಊಟ ಮುಗಿಸಿ ಹೊರಟ ಮಧ್ಯಾಹ್ನ ಎರಡು ಗಂಟೆಯ ತೂಕಡಿಕೆಯ ಹೊತ್ತಿಗೆ ಲೇನ್ ಕೀಪ್, ಸೆಂಟರಿಂಗ್ ಎರಡೂ ಆನ್ ಇರಲಿ. ಕಾರಿನ ಮಿತಿ ಅಲ್ಲಿ 100 ಕಿ.ಮೀ. ಆದರೂ ಇದು ಎರಡನೇ ಹಂತದ (ಲೆವೆಲ್ 2) ಸಹಾಯ, ಅಂದರೆ ಚಾಲಕರ ನಿಗಾ ಬೇಕೇ ಬೇಕಾದ ನೆರವು ಅಷ್ಟೆ. ಕಣ್ಣು, ಕೈ, ಹೊಣೆ ಮೂರೂ ಚಾಲಕರದೇ. ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಮಲಗುವುದೇ ಸರಿ.

ಒಮ್ಮೆ ಸರಿಯಾಗಿ ಹೊಂದಿಸಿ

ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಹತ್ತು ನಿಮಿಷ ಕೊಡಿ.

1. ಸೆಟ್ಟಿಂಗ್‌ನಲ್ಲಿ ಡ್ರೈವರ್ ಅಸಿಸ್ಟೆನ್ಸ್ ತೆರೆಯಿರಿ. ಲೇನ್ ಸೇಫ್ಟಿ ಅಥವಾ ಲೇನ್ ಸಪೋರ್ಟ್ ಎಂಬಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆ ಇರುತ್ತವೆ: ಅಸಿಸ್ಟ್, ವಾರ್ನಿಂಗ್ ಮಾತ್ರ, ಆಫ್. ಜಿಲ್ಲೆಯೊಳಗಿನ ಓಡಾಟಕ್ಕೆ ವಾರ್ನಿಂಗ್ ಆರಿಸಿ.

2. ಎಚ್ಚರಿಕೆಯ ಬಗೆಯಲ್ಲಿ ಸ್ಟೀರಿಂಗ್ ಕಂಪನ ಇದ್ದರೆ ಅದನ್ನೇ ಇಡಿ, ಬೀಪ್ ಸದ್ದು ಕಡಿಮೆ ಮಾಡಿ. ಮಳೆಗಾಲದಲ್ಲಿ ಛಾವಣಿಯ ಮೇಲೆ ಬೀಳುವ ಮಳೆಯ ಅಬ್ಬರಕ್ಕೆ ಬೀಪ್ ಕೇಳುವುದಿಲ್ಲ, ಕಂಪನ ಅಂಗೈಗೆ ತಿಳಿಯುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗುವೂ ಏಳುವುದಿಲ್ಲ.

3. ಸೂಕ್ಷ್ಮತೆ ಬದಲಿಸಲು ಬರುವುದಾದರೆ ತಡವಾಗಿ ಎಚ್ಚರಿಸುವ ಆಯ್ಕೆ ಇಡಿ. ಬೇಗನೆ ಎಚ್ಚರಿಸುವಂತೆ ಇಟ್ಟರೆ ಇಕ್ಕಟ್ಟಿನ ರಸ್ತೆಯಲ್ಲಿ ಬಡಬಡಿಸುತ್ತಲೇ ಇರುತ್ತದೆ. ಕೊನೆಗೆ ನೀವು ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟುಬಿಡುತ್ತೀರಿ.

4. ಸ್ಟೀರಿಂಗ್ ಮೇಲಿನ ಲೇನ್ ಬಟನ್ ಹುಡುಕಿ, ನೋಡದೆ ಒತ್ತಲು ಅಭ್ಯಾಸ ಮಾಡಿ. ಹ್ಯುಂಡೈ, ಕಿಯಾದ ಹಲವು ಮಾದರಿಗಳಲ್ಲಿ ಚಿಕ್ಕದಾಗಿ ಒತ್ತಿದರೆ ಸೆಂಟರಿಂಗ್, ಒತ್ತಿ ಹಿಡಿದರೆ ಲೇನ್ ಕೀಪ್ ಆನ್ ಅಥವಾ ಆಫ್ ಆಗುತ್ತದೆ. ಕೆಲವು ಕಾರುಗಳಲ್ಲಿ ಇಂಜಿನ್ ಆಫ್ ಮಾಡಿ ಮತ್ತೆ ಹಾಕಿದಾಗ ಲೇನ್ ಕೀಪ್ ತಾನಾಗಿ ಆನ್ ಆಗುತ್ತದೆ. ಸುಂಟಿಕೊಪ್ಪದಲ್ಲಿ ಕಾಫಿಗೆ ನಿಲ್ಲಿಸಿ ಹೊರಟರೆ ಇನ್ನೊಮ್ಮೆ ನೋಡಿಕೊಳ್ಳಬೇಕು.

5. ಚಿಹ್ನೆಗಳ ಬಣ್ಣ ಗುರುತಿಸಿ. ಬೂದು ಅಥವಾ ಬಿಳಿ ಎಂದರೆ ಸಾಮಾನ್ಯವಾಗಿ ಆನ್ ಇದೆ, ಗೆರೆ ಸಿಕ್ಕಿಲ್ಲ ಅಥವಾ ವೇಗ ಸಾಲದು. ಹಸಿರು ಎಂದರೆ ಗೆರೆ ಹಿಡಿದಿದೆ. ಹಳದಿ ಹತ್ತಿ ಹಾಗೇ ಉಳಿದರೆ ತೊಂದರೆ ಇದೆ.

ಮನೆಯಲ್ಲಿ ಕಾರು ಓಡಿಸುವವರು ಇಬ್ಬರು ಮೂವರು ಇದ್ದರೆ ಎಲ್ಲರಿಗೂ ಇದನ್ನು ತೋರಿಸಿ. ಡ್ರೈವರನ್ನು ಕರೆಸಿಕೊಳ್ಳುವ ಮನೆಗಳಲ್ಲಿ ಅವರಿಗೆ ಮೊದಲು.

ಮಳೆ, ಮಂಜು, ಧೂಳು: ಕ್ಯಾಮರಾದ ಕಣ್ಣು ಕಾಪಾಡುವುದು

ಕೊಡಗಿನಲ್ಲಿ ಈ ವ್ಯವಸ್ಥೆ ಕೈಕೊಡಲು ಮೊದಲ ಕಾರಣ ಗಾಜು. ಜೂನ್ ಬರುವ ಮೊದಲೇ ವೈಪರ್ ರಬ್ಬರ್ ಬದಲಿಸಿ, ಗಾಡಿ ಹೊಸದಾದರೂ ಸರಿ. ಬಿಸಿಲಿಗೆ ಗಡಸಾದ ರಬ್ಬರ್ ಗಾಜಿನ ಮೇಲೆ ನೀರಿನ ಗೆರೆ ಬಿಡುತ್ತದೆ. ಆ ಗೆರೆ ಕನ್ನಡಿಯ ಮುಂದಿನ ಅಂಗೈ ಅಗಲದ ಜಾಗದಲ್ಲೇ ಬಿದ್ದರೆ ನಿಮಗೆ ರಸ್ತೆ ಕಂಡರೂ ಕ್ಯಾಮರಾಗೆ ಕಾಣುವುದಿಲ್ಲ. ಕೊಯ್ಲಿನ ಕಾಲದ ಕೆಂಪು ಧೂಳಿಗೆ ಒಣ ವೈಪರ್ ಹಾಕಬೇಡಿ. ಗಾಜಿನಲ್ಲಿ ಗೀರು ಬಿದ್ದರೆ ಎದುರು ಬೆಳಕಿಗೆ ಅದೆಲ್ಲ ಹೊಳೆಯುತ್ತದೆ. ಮೊದಲು ನೀರು ಚಿಮ್ಮಿಸಿ, ಆಮೇಲೆ ಒರೆಸಿ.

ಒಳಗಿನ ಮಂಜು ಇನ್ನೊಂದು. ಒದ್ದೆ ಕೊಡೆ, ರೈನ್‌ಕೋಟು ಒಳಗೆ ಇಟ್ಟು ನಾಲ್ವರು ಕೂತರೆ ಐದು ನಿಮಿಷದಲ್ಲಿ ಗಾಜು ಬೆವರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ನಿಮ್ಮ ಮುಂದಿನ ಗಾಜು ತಿಳಿಯಾಗುತ್ತದೆ, ಕ್ಯಾಮರಾ ಕವಚದ ಒಳಗಿನದು ಹಾಗೇ ಉಳಿಯುತ್ತದೆ. ಚಳಿಯಾದರೂ ಎ.ಸಿ. ಆನ್ ಮಾಡಿ, ಮುಂದಿನ ಗಾಜಿಗೆ ಗಾಳಿ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಡಿ. ಕವಚ ಬಿಚ್ಚಿ ಒರೆಸಲು ಹೋಗಬೇಡಿ. ಲೆನ್ಸ್ ಒಂದಿಷ್ಟು ಅಲುಗಿದರೂ ಕ್ಯಾಲಿಬ್ರೇಶನ್, ಅಂದರೆ ಕ್ಯಾಮರಾದ ದಿಕ್ಕನ್ನು ಅಳತೆಗೆ ಹೊಂದಿಸಿದ್ದು, ಹೋಗುತ್ತದೆ.

ಫಾಸ್ಟ್ಯಾಗ್ ಅಂಟಿಸುವುದು ಸಾಮಾನ್ಯವಾಗಿ ಗಾಜಿನ ಮೇಲ್ಭಾಗದ ನಡುವೆ, ಕನ್ನಡಿಯ ಹಿಂದೆ. ಕ್ಯಾಮರಾ ಇರುವುದೂ ಅಲ್ಲೇ! ಅವಸರದಲ್ಲಿ ಅದರ ಮುಂದೆಯೇ ಅಂಟಿಸಿದವರಿದ್ದಾರೆ. ಮ್ಯಾನುಯಲ್ ತೋರಿಸುವ ಜಾಗದಲ್ಲಿ, ಕ್ಯಾಮರಾದ ನೋಟಕ್ಕೆ ಅಡ್ಡ ಬಾರದಂತೆ ಅಂಟಿಸಿ. ಡ್ಯಾಶ್‌ಬೋರ್ಡಿನ ಮೇಲೆ ಬಿಳಿ ಟವೆಲ್, ಹೊಳೆಯುವ ಪ್ರತಿಮೆ ಇಟ್ಟರೆ ಅದರ ಪ್ರತಿಬಿಂಬ ಗಾಜಿನ ಮೇಲೆ ಬೀಳುತ್ತದೆ. ಇಡುವುದಾದರೆ ಹೊಳಪಿಲ್ಲದ್ದನ್ನು, ಬದಿಗೆ ಇಡಿ.

ಹೊರಗಿನ ಮಂಜಿಗೆ ಮದ್ದಿಲ್ಲ. ನಿಮಗೆ ಕಾಣದ್ದು ಕ್ಯಾಮರಾಗೂ ಕಾಣದು. ಲೋ ಬೀಮ್, ಕಡಿಮೆ ವೇಗ, ಸೆಂಟರಿಂಗ್ ಆಫ್. ಸಂಜೆ ಕುಶಾಲನಗರದಿಂದ ಮಡಿಕೇರಿಗೆ ಬರುವಾಗ ಪಶ್ಚಿಮದ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ. ಸಿಲ್ವರ್ ಓಕ್ ಸಾಲಿನ ನೆರಳು ಪಟ್ಟೆಪಟ್ಟೆಯಾಗಿ ಬೀಳುವ ಕಡೆಯಲ್ಲೂ ಚಿಹ್ನೆ ಹಸಿರು-ಬೂದು ಎಂದು ಮಿನುಗುತ್ತಿರುತ್ತದೆ. ಅದು ಕೆಟ್ಟಿದ್ದಲ್ಲ, ಸರ್ವಿಸ್‌ಗೆ ಓಡಬೇಡಿ.

ಟೈರನ್ನೂ ನೋಡಿ. ಕಾನೂನಿನ ಕನಿಷ್ಠ ಆಳ 1.6 ಮಿ.ಮೀ., ಆದರೆ ನಮ್ಮ ಮಳೆಗೆ 3 ಮಿ.ಮೀ.ಗಿಂತ ಕಡಿಮೆಯಾದರೆ ಬದಲಿಸುವುದು ಕ್ಷೇಮ. ಕಾಫಿ ಹೂ ಅರಳಿಸುವ ಹೂಮಳೆಯ ಮೊದಲ ಹನಿಗೆ ಧೂಳು, ಎಣ್ಣೆ ಸೇರಿ ರಸ್ತೆ ಜಾರುತ್ತದೆ. ಹಿಡಿತವೇ ಇಲ್ಲದ ಟೈರಿನಲ್ಲಿ ಸ್ಟೀರಿಂಗನ್ನು ಮೋಟಾರು ತಿರುಗಿಸಿದರೂ ನೀವು ತಿರುಗಿಸಿದರೂ ಕಾರು ತಿರುಗದು.

ತೊಂದರೆ ಕಂಡರೆ

ಕಾರು ಯಾವಾಗಲೂ ಒಂದೇ ಬದಿಗೆ ಒತ್ತಿ ಹೋಗುತ್ತಿದ್ದರೆ ಹೀಗೆ ಪರೀಕ್ಷಿಸಿ. ನಾಲ್ಕೂ ಟೈರಿನ ಗಾಳಿ ಡೋರಿನ ಬಳಿಯ ಪಟ್ಟಿಯಲ್ಲಿ ಹೇಳಿದಷ್ಟು ಹಾಕಿಸಿ. ಸಮತಟ್ಟಾದ ನೇರ ರಸ್ತೆಯಲ್ಲಿ ಲೇನ್ ಸಹಾಯ ಪೂರ್ತಿ ಆಫ್ ಮಾಡಿ ಓಡಿಸಿ. ಆಗಲೂ ಎಳೆದರೆ ವೀಲ್ ಅಲೈನ್‌ಮೆಂಟ್ ಅಥವಾ ಟೈರಿನ ದೋಷ. ಸ್ವಲ್ಪವೇ ಎಡಕ್ಕೆ ಜಾರುವುದು ಮಾತ್ರ ರಸ್ತೆ ಅಂಚಿನ ಕಡೆಗೆ ತುಸು ಇಳಿಜಾರಾಗಿರುವುದರಿಂದ, ಅದು ಸಹಜ. ಆಫ್ ಮಾಡಿದಾಗ ನೆಟ್ಟಗೆ ಹೋಗಿ ಆನ್ ಮಾಡಿದಾಗಷ್ಟೇ ಒಂದು ಗೆರೆಗೆ ಒತ್ತಿದರೆ ಕ್ಯಾಮರಾದ ದಿಕ್ಕು ತಪ್ಪಿದೆ ಎಂದು ಶಂಕಿಸಬೇಕು. ಕ್ಯಾಮರಾ ಒಂದೇ ಒಂದು ಡಿಗ್ರಿ ತಿರುಗಿದ್ದರೆ 50 ಮೀಟರ್ ಮುಂದೆ ಗೆರೆಯ ಲೆಕ್ಕ 87 ಸೆಂಟಿಮೀಟರ್ ತಪ್ಪುತ್ತದೆ. ಮೇಲೆ ಹೇಳಿದ 85 ಸೆಂಟಿಮೀಟರ್ ಅಂತರ ಅಲ್ಲಿಗೆ ಮುಗಿಯಿತು.

ಲೇನಿನೊಳಗೆ ಕಾರು ಆ ಗೆರೆಯಿಂದ ಈ ಗೆರೆಗೆ ಓಲಾಡಿದರೆ ಅದು ಕೆಟ್ಟಿದ್ದಲ್ಲ. ಲೇನ್ ಕೀಪ್ ನಡುವೆ ಇಡುವುದಿಲ್ಲ, ಗೆರೆಯಿಂದ ವಾಪಸು ಕಳಿಸುತ್ತದೆ ಅಷ್ಟೆ. ಅದನ್ನೇ ನಂಬಿ ಕೈ ಸಡಿಲ ಬಿಟ್ಟವರ ಕಾರು ಹೀಗೆ ಓಲಾಡುತ್ತದೆ.

ಕೈ ಇಟ್ಟಿದ್ದರೂ ‘ಸ್ಟೀರಿಂಗ್ ಹಿಡಿಯಿರಿ’ ಎಂದು ಬಂದರೆ, ಹಲವು ಕಾರುಗಳು ಕೈಯನ್ನು ಗುರುತಿಸುವುದು ಸ್ಪರ್ಶದಿಂದಲ್ಲ, ಸ್ಟೀರಿಂಗ್ ಮೇಲಿನ ಸಣ್ಣ ತಿರುಚು ಬಲದಿಂದ ಎಂದು ತಿಳಿಯಿರಿ. ನೇರ ರಸ್ತೆಯಲ್ಲಿ ಆ ಬಲ ಸಿಗುವುದಿಲ್ಲ. ಒಂದು ಕೈಯ ಭಾರ ಸ್ವಲ್ಪ ಹೆಚ್ಚು ಬೀಳುವಂತೆ ಹಿಡಿದರೆ ಸಾಕು. ಎಚ್ಚರಿಕೆ ತಪ್ಪಿಸಲು ನೀರಿನ ಬಾಟಲಿ, ತೂಕದ ಉಂಗುರ ಸಿಕ್ಕಿಸುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ನೀವು ಎಚ್ಚರ ತಪ್ಪಿದ್ದೀರಿ ಎಂದು ತಿಳಿಯಲು ಕಾರಿಗಿರುವ ದಾರಿಯನ್ನೇ ಅದು ಮುಚ್ಚುತ್ತದೆ.

ಡಿಕ್ಕಿಯಲ್ಲಿ ಎರಡು ಮೂಟೆ ಕಾಫಿ ಹಾಕಿದರೆ 100 ಕೆ.ಜಿ. ಹಿಂಭಾಗ ಕುಸಿದು ಮೂತಿ ಮೇಲೇಳುತ್ತದೆ, ಕ್ಯಾಮರಾವೂ ಹೆಡ್‌ಲೈಟೂ ಮೇಲೆ ನೋಡುತ್ತವೆ. ಭಾರ ಹೊತ್ತ ದಿನ ಲೇನ್ ಸಹಾಯ ಬೇಡ.

ಟಿಪ್ಪರ್ ಹಾರಿಸಿದ ಕಲ್ಲಿಗೆ ವಿಂಡ್‌ಶೀಲ್ಡ್ ಒಡೆದರೆ ಇನ್ನೂ ಜಾಗ್ರತೆ ಬೇಕು. ಗಾಜು ಬದಲಿಸುವ ಮೊದಲು ಮೂರು ವಿಷಯ ಬರೆಸಿಕೊಳ್ಳಿ: ಕ್ಯಾಮರಾ ಬ್ರಾಕೆಟ್ ಇರುವ, ನಿಮ್ಮ ವೇರಿಯಂಟಿನದೇ ಗಾಜು, ಬದಲಿಸಿದ ಮೇಲೆ ಕ್ಯಾಲಿಬ್ರೇಶನ್, ಅದರ ವೆಚ್ಚ ವಿಮೆಯಲ್ಲಿ ಸೇರಿದೆಯೇ ಇಲ್ಲವೇ. ಕಾರು ನಿಲ್ಲಿಸಿ ಮಾಡುವ ಸ್ಟ್ಯಾಟಿಕ್ ಕ್ಯಾಲಿಬ್ರೇಶನ್‌ಗೆ ಸಮತಟ್ಟು ನೆಲ, ಅಳತೆ ಹಿಡಿದು ಇಟ್ಟ ಗುರಿಫಲಕ, ಸರಿಯಾದ ಟೈರ್ ಗಾಳಿ, ಖಾಲಿ ಡಿಕ್ಕಿ ಬೇಕು. ಡೈನಮಿಕ್ ಆದರೆ ಸ್ಪಷ್ಟ ಗೆರೆಯ ರಸ್ತೆಯಲ್ಲಿ ನಿಗದಿತ ವೇಗದಲ್ಲಿ ಓಡಿಸಬೇಕು. ಅಂಥ ಉದ್ದನೆಯ ನೇರ ರಸ್ತೆ ಘಟ್ಟದ ಮೇಲೆ ಸಿಗುವುದು ಕಷ್ಟ, ಮೈಸೂರು ಅಥವಾ ಮಂಗಳೂರಿನಲ್ಲಿ ಮಾಡಿಸುವುದು ಸುಲಭ. ಕೆಲಸ ಮುಗಿದ ಮೇಲೆ ಸ್ಕ್ಯಾನರ್ ವರದಿ ಕೇಳಿ ಪಡೆಯಿರಿ. ಹಳದಿ ದೀಪ ಆರಿದೆ ಎಂದಷ್ಟಕ್ಕೇ ಒಪ್ಪಬೇಡಿ. ಮುಂಭಾಗಕ್ಕೆ ಪೆಟ್ಟು ಬಿದ್ದು ರಿಪೇರಿಯಾದರೆ, ಸಸ್ಪೆನ್ಶನ್ ಬದಲಿಸಿದರೆ, ಬೇರೆ ಅಳತೆಯ ಟೈರ್ ಹಾಕಿದರೆ ಸಹ ಕ್ಯಾಲಿಬ್ರೇಶನ್ ಬೇಕೇ ಎಂದು ಕೇಳಬೇಕು. ಅಲೈನ್‌ಮೆಂಟ್ ಮಾಡಿಸಿದಾಗ, ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಅಳೆಯುವ ಸ್ಟೀರಿಂಗ್ ಆಂಗಲ್ ಸೆನ್ಸರನ್ನು ಸೊನ್ನೆಗೆ ಇಟ್ಟರೇ ಎಂದೂ ಕೇಳಿ. ಹಳೆಯ ಕಾರುಗಳ ಅಭ್ಯಾಸದಲ್ಲಿರುವ ಗ್ಯಾರೇಜುಗಳಲ್ಲಿ ಬಿಟ್ಟುಹೋಗುವ ಕೆಲಸ ಇದು.

ದೂರು ಹೇಳಲು ಹೋಗುವಾಗ ಯಾವ ಜಾಗ, ಎಷ್ಟು ವೇಗ, ಮಳೆಯೋ ಬಿಸಿಲೋ, ಚಿಹ್ನೆಯ ಬಣ್ಣ ಯಾವುದು, ಡಿಸ್‌ಪ್ಲೇಯಲ್ಲಿ ಬಂದ ಸಂದೇಶ ಏನು, ಇಷ್ಟನ್ನು ಬರೆದುಕೊಂಡು ಹೋಗಿ. ಫೋಟೊ ಪಕ್ಕದ ಸೀಟಿನವರು ತೆಗೆಯಲಿ.